‘ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕಿದರೆ ಯಾರ ಫೋಟೋವನ್ನಾದರೂ ಬಳಸಬಹುದೇ?

ಜಾತ್ರೆಯ ತೇರು, ಕಬಿನಿಯ ಹುಲಿ, ಮಳೆಗಾಲದ ಜೋಗ. ವಾಟ್ಸಾಪ್‌ನಲ್ಲಿ ಬಂದ ಚೆಂದದ ಫೋಟೋ ಮೊದಲು ಸ್ಟೇಟಸ್‌ಗೆ, ಆಮೇಲೆ ಫೇಸ್‌ಬುಕ್ ಪೇಜ್‌ಗೆ, ಕೊನೆಗೆ ಯಾರದೋ ಅಂಗಡಿಯ ಬ್ಯಾನರ್‌ಗೂ ಹೋಗುತ್ತದೆ. ಕೇಳಿದರೆ, “ಗೂಗಲ್‌ನಲ್ಲಿತ್ತು, ತಗೊಂಡ್ವಿ. ಬೇಕಾದ್ರೆ ಕೃಪೆ ಹಾಕ್ತೀವಿ” ಎನ್ನುತ್ತಾರೆ.

ಇದು ತಪ್ಪು ತಿಳಿವಳಿಕೆ. ಫೋಟೋ ಎಲ್ಲಿದೆ ಎಂದು ಗೂಗಲ್ ತೋರಿಸುತ್ತದೆ, ಅಷ್ಟೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೋ ಕೂಡ ಕಲಾಕೃತಿ. ಅದು ಚೆನ್ನಾಗಿದೆಯೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಕ್ಲಿಕ್ಕಿಸಿದಾಗಲೇ ಹಕ್ಕು ಹುಟ್ಟುತ್ತದೆ. ನೋಂದಣಿ ಕಡ್ಡಾಯವಲ್ಲ. ಛಾಯಾಗ್ರಾಹಕರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ಉಳಿಯುತ್ತದೆ. (ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೋದ ಕಥೆ ಬೇರೆ: ಬೇರೆ ಒಪ್ಪಂದ ಇಲ್ಲದಿದ್ದರೆ ಹಕ್ಕು ದುಡ್ಡು ಕೊಟ್ಟವರದು.)

ಕೃಪೆ ಹಾಕುವುದು ಏಕೆ ಸಾಲದು ಎಂಬುದಕ್ಕೆ ಹೈಟಿಯ ಒಂದು ಪ್ರಕರಣ ನೋಡಿ. 2010ರ ಜನವರಿ 12ರಂದು ಅಲ್ಲಿ ಭೂಕಂಪವಾದಾಗ ಛಾಯಾಗ್ರಾಹಕ ಡೇನಿಯಲ್ ಮೊರೆಲ್ ತಾವು ತೆಗೆದ ಫೋಟೋಗಳನ್ನು ಟ್ವಿಟರ್‌ನಲ್ಲಿ ಹಂಚಿಕೊಂಡರು. ಇನ್ನೊಬ್ಬರು ಅವನ್ನು ತಮ್ಮವೆಂಬಂತೆ ಮತ್ತೆ ಹಾಕಿದರು. ಎಎಫ್‌ಪಿ ಸುದ್ದಿಸಂಸ್ಥೆ ಆ ಎರಡನೇ ಖಾತೆಯಿಂದ ಫೋಟೋ ಎತ್ತಿಕೊಂಡು, ಅದೇ ಹೆಸರಿನಲ್ಲಿ, ಗೆಟ್ಟಿ ಇಮೇಜಸ್ ಮೂಲಕವೂ ವಿತರಿಸಿತು. ಕೃಪೆ ಹಾಕಿದ್ದೇನೋ ಹೌದು, ಆದರೆ ತಪ್ಪು ವ್ಯಕ್ತಿಗೆ! ಟ್ವಿಟರ್‌ಗೆ ಹಾಕಿದ ಮೇಲೆ ಬಳಸಬಹುದು ಎಂಬ ವಾದವನ್ನು ನ್ಯೂಯಾರ್ಕ್‌ನ ನ್ಯಾಯಾಲಯ ಒಪ್ಪಲಿಲ್ಲ. 2013ರಲ್ಲಿ ಮೊರೆಲ್‌ಗೆ 12 ಲಕ್ಷ ಡಾಲರ್ ಪರಿಹಾರ ನೀಡಬೇಕೆಂದು ಜ್ಯೂರಿ ತೀರ್ಪಿತ್ತಿತು.

ನಮ್ಮ ಕಾನೂನಿನಲ್ಲೂ ಹೆಸರು ಹಾಕುವುದು ಒಂದು, ಅನುಮತಿ ಪಡೆಯುವುದು ಇನ್ನೊಂದು. ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ಘಟನೆಗಳ ವರದಿಗೆ ವಿನಾಯಿತಿಗಳಿವೆ. ಅಮ್ಮನಿಗೆ ಕಳಿಸಿದ ಗುಡ್ ಮಾರ್ನಿಂಗ್ ಹೂವಿಗೆ ಯಾರೂ ಕೇಸು ಹಾಕಲಾರರು. ವ್ಯಾಪಾರಕ್ಕೆ ಬಳಸಿದರೆ ಮಾತು ಬೇರೆ: ತಿಳಿದೂ ಉಲ್ಲಂಘಿಸಿದರೆ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ. ಫೋಟೋದ ಮೂಲೆಯಲ್ಲಿರುವ ಹೆಸರನ್ನು ಬೇಕೆಂದೇ ಅಳಿಸುವುದೂ 2012ರ ತಿದ್ದುಪಡಿಯ ನಂತರ ಪ್ರತ್ಯೇಕ ಅಪರಾಧ.

ನಿಮ್ಮದೇ ಫೋಟೋ ಕದ್ದಿದ್ದರೆ? ಗೂಗಲ್ ಲೆನ್ಸ್‌ಗೆ ಆ ಫೋಟೋ ಹಾಕಿ, ಎಲ್ಲೆಲ್ಲಿದೆ ಹುಡುಕಿ. ಜಗಳಕ್ಕಿಳಿಯುವ ಮೊದಲು ಲಿಂಕ್ ಮತ್ತು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕಮೆಂಟ್‌ನಲ್ಲಿ ಬೈದ ಮರುಕ್ಷಣ ಪೋಸ್ಟ್ ಮಾಯವಾಗಬಹುದು. ಬಳಿಕ ಜಾಲತಾಣಕ್ಕೆ ಲಿಖಿತ ದೂರು ಕೊಡಿ. 2013ರ ನಿಯಮಗಳ ಪ್ರಕಾರ ಅದು 36 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕು. 21 ದಿನದಲ್ಲಿ ನೀವು ಕೋರ್ಟ್ ಆದೇಶ ತರದಿದ್ದರೆ ಫೋಟೋ ಮತ್ತೆ ಕಾಣಿಸಿಕೊಳ್ಳಬಹುದು ಎಂಬುದೂ ನೆನಪಿರಲಿ.

ಮೂಲ ಫೈಲ್ ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದರೊಳಗಿನ ದಿನಾಂಕ, ಕ್ಯಾಮೆರಾ ವಿವರ ಕಳಚಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತವೆ. ಇನ್ನೊಬ್ಬರ ಫೋಟೋ ಇಷ್ಟವಾದರೆ ಸೇವ್ ಮಾಡಿ ಫಾರ್ವರ್ಡ್ ಮಾಡುವ ಬದಲು ಅವರ ಪೋಸ್ಟಿನ ಲಿಂಕನ್ನೇ ಕಳಿಸಿ.