ಬಿಸಿಲುನಾಡಿನ ಮುಖಗಳು

ಛಾಯಾಚಿತ್ರಕ್ಕೆ ಬೆಳಕೇ ಪ್ರಾಣವೆಂದು ಎಲ್ಲರೂ ಹೇಳುತ್ತಾರೆ. ಬೆಳಕು ಹೆಚ್ಚಾದರೂ ಚಿತ್ರ ಕೆಡುತ್ತದೆಂಬುದನ್ನು ಕಾಣಬೇಕಾದರೆ ಕಲಬುರಗಿಯ ಸೀಮೆಗೆ ಬರಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ವೈಶಾಖದ ಸೂರ್ಯ ನೆತ್ತಿಯ ಮೇಲೆ ಬಂದು ನಿಂತಾಗ ಮನುಷ್ಯನ ಹುಬ್ಬಿನ ಕೆಳಗೆ ಎರಡು ಕರಿಯ ಗುಳಿಗಳು ಬೀಳುತ್ತವೆ. ಮೂಗಿನ ನೆರಳು ತುಟಿಯ ಮೇಲೆ ಇಳಿಯುತ್ತದೆ. ಹಣೆ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಈ ಕಡೆಯ ಮನೆಗಳಲ್ಲಿ ನಾನು ನೋಡಿದ ಎಷ್ಟೋ ಹಳೆಯ ಭಾವಚಿತ್ರಗಳಲ್ಲಿ ಹಿರಿಯರಿಗೆ ರುಮಾಲಿದೆ, ಮೀಸೆಯಿದೆ, ಕಣ್ಣುಗಳಿಲ್ಲ. ಬಿಸಿಲನ್ನು ಮೆದುಗೊಳಿಸುವ ವಿದ್ಯೆ ಯಾರ ಕೈಯಲ್ಲಿತ್ತು, ಯಾರ ಮುಖಕ್ಕೆ ಒದಗಿತು ಎಂಬುದು ಬರಿಯ ಕಸುಬಿನ ಪ್ರಶ್ನೆಯಲ್ಲ, ಇತಿಹಾಸದ ಪ್ರಶ್ನೆಯೂ ಹೌದು.

ಈ ಸೀಮೆಯಲ್ಲಿ ಭಾವಚಿತ್ರದ ಕತೆ ಕ್ಯಾಮೆರಾಕ್ಕಿಂತ ಬಹಳ ಹಳೆಯದು. ಚಿತ್ತಾಪುರ ತಾಲ್ಲೂಕಿನಲ್ಲಿ, ಭೀಮೆಯ ದಡದ ಸನ್ನತಿಯ ಹತ್ತಿರ, ಕನಗನಹಳ್ಳಿಯಿದೆ. ಅಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದು ಬೆಳಕಿಗೆ ಬಂದಿತು. ಅದರ ಸುಣ್ಣಕಲ್ಲಿನ ಫಲಕವೊಂದರಲ್ಲಿ ರಾಣಿ ಪರಿಚಾರಿಕೆಯರೊಡನೆ ನಿಂತ ಅರಸನ ಚಿತ್ರವಿದೆ; ಅಶೋಕನ ಹೆಸರನ್ನು ಬ್ರಾಹ್ಮೀ ಲಿಪಿಯಲ್ಲಿ ಅಲ್ಲಿಯೇ ಕೊರೆದಿದ್ದಾರೆ. ಅರಸನ ತಲೆಯ ಮೇಲೆ ಕೊಡೆ ಹಿಡಿದಿದ್ದಾರೆ. ಕೊಡೆ ರಾಜಚಿಹ್ನೆಯೆಂಬುದನ್ನು ಎಲ್ಲರೂ ಬಲ್ಲರು. ನನ್ನಂಥವನ ಕಣ್ಣಿಗೆ ಅದು ಇನ್ನೊಂದು ಮಾತನ್ನೂ ಹೇಳುತ್ತದೆ: ಈ ಬಿಸಿಲಿನಲ್ಲಿ ನೆರಳನ್ನು ತನ್ನೊಡನೆ ಹೊತ್ತು ನಡೆಯುವ ಭಾಗ್ಯ ಅರಸನದಾಗಿತ್ತು.

ಕ್ಯಾಮೆರಾ ಬಂದಾಗಲೂ ಸ್ಥಿತಿ ಬಹಳ ಬದಲಾಗಲಿಲ್ಲ. ಆಗ ಗುಲ್ಬರ್ಗಾ ಜಿಲ್ಲೆ ನಿಜಾಮರ ರಾಜ್ಯಕ್ಕೆ ಸೇರಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಹಾಕಿದ ಮೇಲೆ ರಾಜಧಾನಿ ಹತ್ತಿರವಾಯಿತು. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕರಾಗಿ ಹೆಸರು ಪಡೆದ ರಾಜಾ ದೀನ್ ದಯಾಳರು (1844–1905) ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. 1892ರಲ್ಲಿ ಪರದೆಯ ಹೆಂಗಸರಿಗಾಗಿಯೇ ಹೈದರಾಬಾದಿನಲ್ಲಿ ಇನ್ನೊಂದು ಸ್ಟುಡಿಯೋ ನಡೆಯಿತು. ಅದನ್ನು ನೋಡಿಕೊಂಡವರು ಒಬ್ಬ ಆಂಗ್ಲ ಮಹಿಳೆ. ಆ ಕಾಲದ ಒಳ್ಳೆಯ ಸ್ಟುಡಿಯೋ ಎಂದರೆ ಗಾಜಿನ ಮಾಡು, ಬಿಳಿಯ ಪರದೆಗಳು, ಉತ್ತರದಿಂದ ಬರುವ ತಂಪು ಬೆಳಕು. ಅಲ್ಲಿ ಕೂತವರ ಕೆನ್ನೆಯ ಮೇಲೆ ನೆರಳು ಎಲ್ಲಿ ತೊಡಗಿ ಎಲ್ಲಿ ಮುಗಿಯಿತೆಂದು ಹೇಳಲಾಗದು. ಅದೇ ದೀನ್ ದಯಾಳರು ಔರಂಗಾಬಾದಿನ ಕಡೆ ಕ್ಷಾಮಪರಿಹಾರದ ಕಾಮಗಾರಿಗಳ ಚಿತ್ರಗಳನ್ನೂ ತೆಗೆದರು. ಕ್ಷಾಮದಲ್ಲಿ ಕಲ್ಲು ಒಡೆಯುವವನಿಗೆ ಗಾಜಿನ ಮಾಡು ಎಲ್ಲಿಂದ ಬರಬೇಕು? ಅವನಿಗೆ ಸಿಕ್ಕಿದ್ದು ನೇರ ಬಿಸಿಲು.

ಕೃತಕ ಬೆಳಕಿನ ಹಾದಿಯೂ ಸುಲಭವಾಗಿರಲಿಲ್ಲ. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಮಿಂಚುಪುಡಿ ಬಂದಿತು. ಅದು ಬೆಳಕಿನೊಡನೆ ಹೊಗೆಯನ್ನೂ ಅಪಾಯವನ್ನೂ ತಂದಿತು. 1929ರ ಸುಮಾರಿಗೆ ಗಾಜಿನ ಬುರುಡೆಯೊಳಗೆ ಉರಿಯುವ ಫ್ಲ್ಯಾಶ್ ಬಲ್ಬು ಬಂದಿತು. ಒಂದು ಬಲ್ಬಿಗೆ ಒಂದೇ ಚಿತ್ರ. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ಎಡ್ಜರ್ಟನ್ ಅವರು ಮತ್ತೆ ಮತ್ತೆ ಮಿಂಚುವ ವಿದ್ಯುತ್ ಫ್ಲ್ಯಾಶನ್ನು ಬೆಳೆಸಿದರು. ಇದನ್ನು ರಾತ್ರಿಯ ಉಪಕರಣವೆಂದೇ ಜನ ತಿಳಿದರು. ನಡುಹಗಲಿನಲ್ಲಿ ಫ್ಲ್ಯಾಶ್ ಹಚ್ಚುವುದೆಂದರೆ ಹಗಲಿಗೆ ದೀವಟಿಗೆ ಹಿಡಿದಂತೆ ಕಾಣುತ್ತದೆ. ಆದರೆ ಅದರ ನಿಜವಾದ ಉಪಕಾರ ಅಲ್ಲಿಯೇ ಇದೆ. ಸೂರ್ಯನನ್ನು ಬೆನ್ನಿಗೆ ಬಿಟ್ಟು ಮನುಷ್ಯನನ್ನು ನಿಲ್ಲಿಸಿ, ಬಿಸಿಲಿನ ಅರ್ಧದಷ್ಟೋ ಕಾಲುಭಾಗದಷ್ಟೋ ಬೆಳಕನ್ನು ಎದುರಿನಿಂದ ಕೊಟ್ಟರೆ ಕಣ್ಣಿನ ಗುಳಿ ತುಂಬುತ್ತದೆ. ಅದಕ್ಕಿಂತ ಹೆಚ್ಚಾದರೆ ಮುಖ ತಗಡಿನಂತಾಗುತ್ತದೆ. ಫ್ಲ್ಯಾಶನ್ನು ಎರಡರಷ್ಟು ದೂರ ಇಟ್ಟರೆ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆಂಬ ಲೆಕ್ಕ ನೆನಪಿದ್ದರೆ ಸಾಕು. ಬಿಳಿಯ ಕೊಡೆಗೆ ಆ ಬೆಳಕನ್ನು ಹೊಡೆಸಿ ಹಿಂದಿರುಗಿಸಿದರೆ ಇನ್ನೂ ಮೆದುವಾಗುತ್ತದೆ.

ಮೆದುತನದ ಗುಟ್ಟು ಬೆಳಕು ಬರುವ ಮೈಯ ವಿಸ್ತಾರದಲ್ಲಿದೆ. ಸೂರ್ಯ ಎಷ್ಟು ದೊಡ್ಡವನಾದರೂ ನಮಗೆ ಕಾಣುವುದು ಅರ್ಧ ಡಿಗ್ರಿಯ ಒಂದು ಬಿಲ್ಲೆಯಾಗಿ. ಅವನ ನೆರಳಿಗೆ ಕತ್ತಿಯ ಅಂಚು. ಅದೇ ಬಿಸಿಲು ಒಂದು ಬಿಳಿಯ ಬಟ್ಟೆಯ ಮೇಲೆ ಬಿದ್ದು ಚದುರಿ ಬಂದಾಗ, ಹತ್ತಿರದಲ್ಲಿರುವ ಮುಖಕ್ಕೆ ಆ ಬಟ್ಟೆಯೇ ದೊಡ್ಡದೊಂದು ಸೂರ್ಯ. ಕನ್ನಡಿಯಾದರೆ ಬಿಸಿಲನ್ನು ಚದುರಿಸದೆ ಹಾಗೆಯೇ ತಿರುಗಿಸಿ ಕಳಿಸುತ್ತದೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ನಮ್ಮ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಸ್ಟುಡಿಯೋದೊಳಕ್ಕೆ ತಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಅವರಿಗೆ ಬೇಕಾಗಿದ್ದದ್ದು ಆ ಕಟುವಾದ ಕೋಲು. ಭಾವಚಿತ್ರಕ್ಕೆ ಬೇಕಾದದ್ದು ಬಟ್ಟೆಯ ದಾಕ್ಷಿಣ್ಯ.

ಇನ್ನು ನೆಲದ ಗುಣವನ್ನೂ ನೋಡಬೇಕು. ಸೇಡಂ, ಚಿತ್ತಾಪುರಗಳ ತೊಗರಿ ಹೊಲದ ಎರೆಭೂಮಿ ಬಿಸಿಲನ್ನು ಕುಡಿದುಬಿಡುತ್ತದೆ. ಅಲ್ಲಿ ನಿಂತವನ ಗಲ್ಲದ ಕೆಳಗೆ ಕತ್ತಲೆ. ಚಿಂಚೋಳಿಯ ಕೆಂಪು ಮಣ್ಣು ಬಣ್ಣದ ಚಿತ್ರದಲ್ಲಿ ಮುಖಕ್ಕೂ ಕೆಂಪನ್ನು ಬಳಿಯುತ್ತದೆ; ಅಲ್ಲಿಯ ಕಾಡಿನ ನೆರಳು ತಂಪಾದರೂ ಎಲೆಗಳ ಸಂದಿಯ ಬಿಸಿಲು ಕೆನ್ನೆಯ ಮೇಲೆ ಚುಕ್ಕೆಯಿಡುತ್ತದೆ. ಶಹಾಬಾದಿನ ಪರ್ಸಿ ಕಲ್ಲು ಹಾಸಿದ ಅಂಗಳ ಮಾತ್ರ ಬಿಸಿಲನ್ನು ಕೆಳಗಿನಿಂದ ಮೆಲ್ಲಗೆ ಎತ್ತಿಕೊಡುತ್ತದೆ. ಅಂಗಳದ ಅಂಚಿನ ಪಡಸಾಲೆಯ ನೆರಳಿನಲ್ಲಿ ಕೂತವರ ಮುಖ ಎಷ್ಟು ಚೆನ್ನಾಗಿ ಬರುತ್ತದೆಂಬುದನ್ನು ಅನುಭವಿಸಿದವರೇ ಬಲ್ಲರು.

ಆ ಕಲ್ಲನ್ನು ಎಬ್ಬಿಸುವವರಿಗೆ ಪಡಸಾಲೆಯಿಲ್ಲ. ಶಹಾಬಾದಿನ ಬಳಿಯ ಗಣಿಯೊಂದರಲ್ಲಿ ವಯಸ್ಸಾದ ಹೆಂಗಸೊಬ್ಬಳ ಚಿತ್ರ ತೆಗೆಯಬೇಕೆಂದು ಕೇಳಿದಾಗ, “ಈ ಬಿಸಲಾಗ ಕಣ್ಣು ಹ್ಯಾಂಗ ತೆಗಿಲ್ರಿ ಸಾಹೇಬ್ರ?” ಎಂದಳು. ಬಿಸಿಲಿಗೆ ಬೆನ್ನು ಮಾಡಿ ನಿಲ್ಲಿಸಿದೆ. ಅವಳ ಮೊಮ್ಮಗ ನನ್ನ ಬಿಳಿಯ ಪಂಚೆಯ ಎರಡು ತುದಿ ಹಿಡಿದು ಎದುರಿಗೆ ಕೂತ. ಪಂಚೆಯ ಬೆಳಕು ಮುಖಕ್ಕೆ ಹತ್ತಿದೊಡನೆ ಸುಕ್ಕುಗಳು ಸಡಿಲವಾಗಿ ಕಣ್ಣು ತೆರೆದವು. ಬೆಳ್ಳಿಯ ಕಾಗದ ಹಿಡಿದಿದ್ದರೆ ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಚಿತ್ರವನ್ನು ಕೊಟ್ಟಾಗ ಬಹಳ ಹೊತ್ತು ನೋಡಿ, “ಇದ್ರಾಗ ನಾ ನನ್ನಂಗೇ ಕಾಣ್ತೀನಿ ನೋಡ್ರಿ” ಎಂದಳು. ಬೇರೆ ಎಲ್ಲಿ ಚಿತ್ರ ತೆಗೆಸಿದ್ದೀಯೆಂದು ಕೇಳಿದರೆ ಸೆರಗಿನ ಗಂಟಿನಿಂದ ಗುರುತಿನ ಚೀಟಿಯನ್ನು ತೆಗೆದು ತೋರಿಸಿದಳು. ಅದರಲ್ಲಿ ಹಣೆಯಿತ್ತು, ಮೂಗುತಿಯಿತ್ತು. ಕಣ್ಣಿನ ಜಾಗದಲ್ಲಿ ಎರಡು ಮಸಿಯ ಬೊಟ್ಟು.

ಇಂದು ಎಲ್ಲರ ಕೈಯ ಫೋನಿನಲ್ಲೂ ಕ್ಯಾಮೆರಾ ಇದೆ. ಕಪ್ಪಾದ ನೆರಳನ್ನು ಅದು ತಾನೇ ಸ್ವಲ್ಪ ತಿದ್ದಿಕೊಳ್ಳುತ್ತದೆ. ಆದರೆ ಬಿಸಿಲಿಗೆ ಮುಚ್ಚಿದ ಕಣ್ಣನ್ನು ಅದು ತೆರೆಸಲಾರದು. ಅದಕ್ಕೆ ತೆಗೆಯುವವನು ನಾಲ್ಕು ಹೆಜ್ಜೆ ಸುತ್ತಿ ಬರಬೇಕು, ಒಬ್ಬರನ್ನು ಬಟ್ಟೆ ಹಿಡಿಯಲು ಕರೆಯಬೇಕು, ಎದುರಿಗಿರುವವರಿಗಾಗಿ ಎರಡು ನಿಮಿಷ ಕಾಯಬೇಕು. ಅರಸನಿಗೆ ಕೊಡೆ ಹಿಡಿದ ಸೀಮೆಯಲ್ಲಿ ಕಲ್ಲು ಹೊರುವವಳಿಗೆ ಒಂದು ಪಂಚೆ ಹಿಡಿಯುವುದು ದೊಡ್ಡ ಖರ್ಚಿನ ಮಾತಲ್ಲ.