ನೀಲಗಿರಿಯ ಕುಡುಗೋಲು ಕಣ ಕಾಯಿಲೆ ಮತ್ತು ಮಕ್ಕಳ ಮಿದುಳು: ಡಾಪ್ಲರ್ ಪರೀಕ್ಷೆಯ ಪ್ರಸ್ತುತತೆ

ನೀಲಗಿರಿಯ ಬುಡಕಟ್ಟು ಜನರಲ್ಲಿ ಕುಡುಗೋಲು ಕಣದ ರಕ್ತಗುಣ ಇರುವುದನ್ನು ಲೇಮನ್ ಮತ್ತು ಕಟ್‌ಬುಷ್ 1952ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದರು. ಭಾರತದಲ್ಲಿ ಈ ಕಾಯಿಲೆಯ ಅಧ್ಯಯನಕ್ಕೆ ಅದು ನಾಂದಿ. ಆದರೆ ಅಂದಿನ ಕುತೂಹಲವೆಲ್ಲ ಜನಾಂಗಗಳ ಮೂಲದ ಬಗ್ಗೆ. ಕಾಯಿಲೆ ಹೊತ್ತ ಮಗುವಿನ ಮಿದುಳಿಗೆ ಏನಾಗುತ್ತದೆ ಎಂಬ ಪ್ರಶ್ನೆ ಬಹಳ ತಡವಾಗಿ ಬಂತು.

ಈ ಕಾಯಿಲೆಯಲ್ಲಿ ಕುಡುಗೋಲಿನಂತೆ ಬಾಗಿದ ರಕ್ತಕಣಗಳು ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳ ಒಳಪದರವನ್ನು ಕೆಡಿಸುತ್ತವೆ. ನಾಳ ಕಿರಿದಾದಂತೆ ರಕ್ತದ ವೇಗ ಏರುತ್ತದೆ. ಕಪಾಲದ ತೆಳು ಮೂಳೆಯ ಮೂಲಕ ಶಬ್ದತರಂಗ ಹಾಯಿಸಿ ಈ ವೇಗವನ್ನು ಅಳೆಯುವುದೇ ಡಾಪ್ಲರ್ ಪರೀಕ್ಷೆ. 1998ರಲ್ಲಿ ಪ್ರಕಟವಾದ ಅಮೆರಿಕದ ‘ಸ್ಟಾಪ್’ ಅಧ್ಯಯನದಲ್ಲಿ ಸೆಕೆಂಡಿಗೆ 200 ಸೆಂ.ಮೀ. ಅಥವಾ ಹೆಚ್ಚು ವೇಗವಿದ್ದ 130 ಮಕ್ಕಳಿದ್ದರು. ನಿಯಮಿತವಾಗಿ ರಕ್ತ ಕೊಟ್ಟ ಗುಂಪಿನಲ್ಲಿ ಒಬ್ಬರಿಗೆ, ಉಳಿದ ಗುಂಪಿನಲ್ಲಿ 11 ಮಕ್ಕಳಿಗೆ ಪಾರ್ಶ್ವವಾಯು ಬಡಿಯಿತು.

ಈ 200ರ ಗಡಿಯನ್ನು ನೀಲಗಿರಿಯ ಗೂಡಲೂರಿಗೆ ಹಾಗೇ ತರುವಂತಿಲ್ಲ. ಅದು ಚಿತ್ರ ತೋರಿಸದ ಸರಳ ಡಾಪ್ಲರ್ ಯಂತ್ರದ ಅಳತೆ. ಆಸ್ಪತ್ರೆಗಳ ಸಾಮಾನ್ಯ ಸ್ಕ್ಯಾನಿಂಗ್ ಯಂತ್ರ ಅದೇ ರಕ್ತನಾಳದಲ್ಲಿ ತುಸು ಕಡಿಮೆ ವೇಗ ತೋರಿಸುತ್ತದೆ. ಅಲ್ಲದೆ ಭಾರತೀಯ ಬಗೆಯ ಕಾಯಿಲೆಯಲ್ಲಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿರುವುದರಿಂದ ರೋಗ ಸೌಮ್ಯವೆಂಬ ನಂಬಿಕೆಯಿದೆ. ಈ ನಂಬಿಕೆಗೆ ಆಧಾರವಿದ್ದರೂ ಅದರ ನೆಪದಲ್ಲಿ ಪರೀಕ್ಷೆ ಬಿಡುವುದು ಸರಿಯಲ್ಲ. ಇಲ್ಲಿಯ ಮಕ್ಕಳಿಗೂ ಪಾರ್ಶ್ವವಾಯು ಆಗುತ್ತದೆ.

ಇನ್ನೂ ಕಷ್ಟದ್ದು ಹೊರಗೆ ಕಾಣದ ಹಾನಿ. ಕೈಕಾಲು ನೆಟ್ಟಗಿರುತ್ತವೆ, ಮಾತು ಸರಿಯಿರುತ್ತದೆ, ಎಂ.ಆರ್.ಐ.ನಲ್ಲಿ ಮಾತ್ರ ಮಿದುಳಿನ ಬಿಳಿ ಭಾಗದಲ್ಲಿ ಕನಿಷ್ಠ 3 ಮಿ.ಮೀ.ನ ಕಲೆಗಳು ಕಾಣುತ್ತವೆ. ಇಂಥ ಮಗುವಿಗೆ ಗಮನ ನಿಲ್ಲದು, ಲೆಕ್ಕ ಹಿಡಿಯದು. ಪಣಿಯ ಬುಡಕಟ್ಟಿನ ಹುಡುಗಿಯೊಬ್ಬಳು ಶಾಲೆಯಲ್ಲಿ ಹಿಂದೆ ಬಿದ್ದರೆ ಮನೆಯ ಬಡತನವನ್ನೋ ಭಾಷೆಯನ್ನೋ ದೂರುವುದು ಸುಲಭ. (ಆ ಕಾರಣಗಳೂ ಸುಳ್ಳಲ್ಲ.) ಅವಳ ಮಿದುಳನ್ನು ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ. 2014ರ ಅಧ್ಯಯನವೊಂದರಲ್ಲಿ ಇಂಥ ಕಲೆಗಳಿದ್ದ 196 ಮಕ್ಕಳ ಪೈಕಿ ನಿಯಮಿತ ರಕ್ತ ಪಡೆದವರಲ್ಲಿ ಶೇ. 6ರಷ್ಟು, ಪಡೆಯದವರಲ್ಲಿ ಶೇ. 14ರಷ್ಟು ಮಕ್ಕಳಿಗೆ ಹೊಸ ಹಾನಿಯಾಯಿತು.

ಪ್ರತಿ ತಿಂಗಳು ರಕ್ತ ಹಾಕಿಸುವುದು ಕಾಡಂಚಿನ ಕುಟುಂಬಕ್ಕೆ ಆಗದ ಮಾತು. ಗೂಡಲೂರಿನಿಂದ ಮೈಸೂರಿಗೆ ಹೋಗುವ ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಮಸಿನಗುಡಿಯಿಂದ ಊಟಿಗೆ ಕಲ್ಲಟ್ಟಿಯ ತಿರುವುಗಳನ್ನು ಹತ್ತಬೇಕು. ಹಾಗಾಗಿ 2016ರ ‘ಟ್ವಿಚ್’ ಅಧ್ಯಯನ ಇಲ್ಲಿ ಹೆಚ್ಚು ಉಪಯುಕ್ತ. ಡಾಪ್ಲರ್ ವೇಗ ಹೆಚ್ಚಿದ್ದು, ಒಂದು ವರ್ಷವಾದರೂ ರಕ್ತ ಪಡೆದ, ರಕ್ತನಾಳ ತೀವ್ರವಾಗಿ ಕೆಡದ ಮಕ್ಕಳಿಗೆ ಹೈಡ್ರಾಕ್ಸಿಯೂರಿಯಾ ಔಷಧವೂ ರಕ್ತದಷ್ಟೇ ರಕ್ಷಣೆ ಕೊಡಬಲ್ಲದೆಂದು ಅದು ತೋರಿಸಿತು.

ಗೂಡಲೂರಿನ ಆದಿವಾಸಿ ಆಸ್ಪತ್ರೆ 1990ರಿಂದ ನಡೆಯುತ್ತಿದೆ. ಆದಿವಾಸಿ ಆರೋಗ್ಯ ಕಾರ್ಯಕರ್ತೆಯರು ಹಾಡಿಗಳಿಗೆ ಹೋಗುತ್ತಾರೆ. 2023ರ ಜುಲೈ 1ರಂದು ಆರಂಭವಾದ, ಈ ಕಾಯಿಲೆಯ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ ರಕ್ತ ತಪಾಸಣೆಗೆ ಹಣ, ಬಲ ಎರಡನ್ನೂ ತಂದಿದೆ. ರಕ್ತದಲ್ಲಿ ಕಾಯಿಲೆ ಖಚಿತವಾದ ಮೇಲೆ 2ರಿಂದ 16 ವರ್ಷದ ಪ್ರತಿ ಮಗುವಿಗೂ ವರ್ಷಕ್ಕೊಮ್ಮೆ ಡಾಪ್ಲರ್ ಪರೀಕ್ಷೆ ತಾಲೂಕು ಕೇಂದ್ರದಲ್ಲೇ ಸಿಗಬೇಕು. ಕಲಿಕೆಯಲ್ಲಿ ಹಿಂದುಳಿದವರಿಗೆ ಎಂ.ಆರ್.ಐ.ಯ ಖರ್ಚನ್ನೂ ದಾರಿಖರ್ಚನ್ನೂ ಸರ್ಕಾರ ಭರಿಸಬೇಕು.