ಹೇರು ಮತ್ತು ಹೊತ್ತವರು: ಬಳ್ಳಾರಿ ಸೀಮೆಯ ಸರಕು ಸಾಗಣೆಯ ಚರಿತ್ರೆಗೆ ಒಂದು ಆಕರ

ಕರ್ನಾಟಕದ ಮಧ್ಯಕಾಲೀನ ಶಾಸನಗಳು ಸರಕಿನ ಸುಂಕವನ್ನು ‘ಹೇರು’ಗಳ ಲೆಕ್ಕದಲ್ಲಿ ಹೇಳುವುದುಂಟು. ಹೇರೆಂದರೆ ಎತ್ತಿನ ಬೆನ್ನಿಗೆ ಏರಿಸಿದ ಹೊರೆ. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಹಾದಿಯಲ್ಲಿ ಆ ಹೇರೆತ್ತುಗಳು ಇಂದಿಲ್ಲ; ಆದರೆ ಲಾರಿಗೆ ಸರಕು ತುಂಬುವುದನ್ನು ಜನ ಈಗಲೂ ‘ಹೇರುವುದು’ ಎಂದೇ ಅನ್ನುತ್ತಾರೆ. ಹೇರಿನ ಲೆಕ್ಕ ಕಲ್ಲಿನ ಮೇಲೆ ಉಳಿಯಿತು. ಹೇರಿದವನ ಹೆಸರು ಉಳಿಯಲಿಲ್ಲ. ಈ ಕೊರತೆ ನಮ್ಮ ಕಾಲದ ದಾಖಲೆಗಳಲ್ಲಿಯೂ ಮುಂದುವರಿದಿದೆ. ಅದನ್ನು ತುಂಬಲು ಹಳೆಯ ಲಾರಿ ಚಾಲಕರ ಹಾಗೂ ಹಮಾಲರ ನೆನಪುಗಳು ಎಷ್ಟರಮಟ್ಟಿಗೆ ನೆರವಾದಾವು ಎಂಬುದೇ ಇಲ್ಲಿಯ ವಿಚಾರ.

1876-78ರ ಮಹಾಕ್ಷಾಮದ ಹೊತ್ತಿಗೆ ಬಳ್ಳಾರಿಗೆ ರೈಲು ಬಂದಿತ್ತು. ಸಿರುಗುಪ್ಪ, ಕುರುಗೋಡುಗಳಿಗೆ ಬರಲಿಲ್ಲ. ಆ ಭಾಗದ ಹತ್ತಿಯೂ ಜೋಳವೂ ಎತ್ತಿನ ಬಂಡಿಗಳಲ್ಲಿಯೇ ಬಳ್ಳಾರಿಯನ್ನು ಸೇರಬೇಕಾಗಿತ್ತು. ಮುಂದೆ 1953ರ ಜುಲೈ 1ರಂದು ತುಂಗಭದ್ರಾ ಕಾಲುವೆಗಳಿಗೆ ನೀರು ಬಿಡಲಾಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಜಿಲ್ಲೆಯ ಬಹುಭಾಗ ಮೈಸೂರು ರಾಜ್ಯಕ್ಕೆ ಸೇರಿತು. ನೀರಿನೊಡನೆ ಭತ್ತ, ಭತ್ತದೊಡನೆ ಸಿರುಗುಪ್ಪದ ಅಕ್ಕಿ ಗಿರಣಿಗಳು, ಗಿರಣಿಗಳೊಡನೆ ಲಾರಿಗಳು ಬೆಳೆದುವು.

ಹಳೆಯ ಚಾಲಕರು ಕಾಲವನ್ನು ಇಸವಿಯಿಂದ ಎಣಿಸುವುದು ಕಡಿಮೆ, ವಾಹನದಿಂದ ಎಣಿಸುತ್ತಾರೆ. ‘ಬೆಡ್‌ಫರ್ಡ್ ಕಾಲ’, ‘ಬೆಂಜ್ ಕಾಲ’ ಎಂಬ ಮಾತುಗಳು ಚರಿತ್ರೆಯ ವಿದ್ಯಾರ್ಥಿಗೆ ನಿರರ್ಥಕವಲ್ಲ. ಟಾಟಾ ಸಂಸ್ಥೆ ಜರ್ಮನಿಯ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಜಮ್‌ಶೆಡ್‌ಪುರದಲ್ಲಿ ಲಾರಿ ತಯಾರಿಸತೊಡಗಿದ್ದು 1954ರಲ್ಲಿ. ಸಹಯೋಗ ಮುಗಿದದ್ದು 1969ರಲ್ಲಿ. ಆದುದರಿಂದ ಬೆಂಜ್ ಲಾರಿಯ ನೆನಪು 1954ಕ್ಕಿಂತ ಹಿಂದಿನದಾಗಿರುವುದು ಅಸಂಭವ. ಆದರೆ ಲಾರಿಗಳು ಬಹುಕಾಲ ಬಾಳಿದುವು, ಹೆಸರೂ ರೂಢಿಯಲ್ಲಿ ಉಳಿಯಿತು. ಆದಕಾರಣ 1969ನ್ನು ಮೇಲಿನ ಗಡಿಯಾಗಿ ಹಿಡಿಯಲಾಗದು. ನೆನಪನ್ನು ಆಕರವಾಗಿ ಬಳಸುವವರು ಈ ಬಗೆಯ ಎಚ್ಚರವನ್ನು ತಪ್ಪಿಸಬಾರದು.

ಇನ್ನು ಬರಹದ ದಾಖಲೆ. ಸರಕಿನೊಡನೆ ಹೋಗುವ ಬಿಲ್ಟಿಯಲ್ಲಿ ಕಳಿಸಿದವರ ಹೆಸರು, ಪಡೆಯುವವರ ಹೆಸರು, ಚೀಲಗಳ ಸಂಖ್ಯೆ, ತೂಕ, ಬಾಡಿಗೆ ಎಲ್ಲವೂ ಇರುತ್ತವೆ. ಚೀಲವನ್ನು ಬೆನ್ನಿಗೇರಿಸಿ, ಓರೆಯಾಗಿ ಇಟ್ಟ ಹಲಗೆಯ ಮೇಲೆ ನಡೆದು, ಮರದ ಬಾಡಿಯೊಳಗೆ ಇಳಿಸಿದವನು ಅಲ್ಲಿಲ್ಲ. ಅವನ ಕೆಲಸ ಬರಿಯ ಬಲದ್ದಲ್ಲ. ಒಂದು ಸಾಲು ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ ಇಟ್ಟರೆ ಚೀಲಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಹತ್ತಿಯ ಹೊರೆ ಹಗುರವಾದರೂ ಎತ್ತರಕ್ಕೇರುತ್ತದೆ; ಭತ್ತದ ಹೊರೆ ತಗ್ಗಾದರೂ ಭಾರವಾಗಿರುತ್ತದೆ. ಹೇರಿಕೆ ಒಂದು ಮಗ್ಗುಲಿಗೆ ವಾಲಿದರೆ ತಿರುವಿನಲ್ಲಿ ಪ್ರಾಣಾಪಾಯ ಚಾಲಕನಿಗೆ. ಹಮಾಲನ ಕೈಗುಣವನ್ನು ಚಾಲಕನೇ ಚೆನ್ನಾಗಿ ಬಲ್ಲನೆಂಬುದಕ್ಕೆ ಕಾರಣವಿದು.

ತುಂಗಭದ್ರೆಯ ಅಚ್ಚುಕಟ್ಟಿನಲ್ಲಿ ಭತ್ತದ ಧಾರಣೆಯನ್ನು 75 ಕಿಲೋ ಚೀಲದ ಲೆಕ್ಕದಲ್ಲಿ ಹೇಳುವ ರೂಢಿಯಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1967ರ ಶಿಫಾರಸಿನಂತೆ ವಯಸ್ಕ ಪುರುಷನೊಬ್ಬ ಹೊರಬಹುದಾದ ಗರಿಷ್ಠ ಭಾರ 55 ಕಿಲೋ. ಧಾರಣೆಯ ಅನುಕೂಲಕ್ಕೆ ಗೊತ್ತಾದ ತೂಕವೇ ಹೊರುವವನ ಬೆನ್ನಿಗೂ ಗೊತ್ತಾಯಿತು. ಈ 20 ಕಿಲೋ ಅಂತರ ಯಾವ ಬಿಲ್ಟಿಯಲ್ಲಿಯೂ ಕಾಣದು. ನೆರೆಯ ಮಹಾರಾಷ್ಟ್ರದಲ್ಲಿ 1969ರಷ್ಟು ಹಿಂದೆಯೇ ಮಾಥಾಡಿ, ಹಮಾಲರ ಕೆಲಸ ಮತ್ತು ಕ್ಷೇಮವನ್ನು ಕುರಿತ ಪ್ರತ್ಯೇಕ ಕಾಯಿದೆ ಬಂದಿತೆಂಬುದನ್ನು ಇಲ್ಲಿ ನೆನೆಯಬೇಕು.

ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿಯ ಲಾರಿಗಳೆಂದರೆ ಅದಿರಿನ ಲಾರಿಗಳೆಂಬಂತಾಯಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ನಿಂತುದು ನಾಡಿಗೆಲ್ಲ ಸುದ್ದಿಯಾಯಿತು. ಆ ಗದ್ದಲದಲ್ಲಿ ಒಂದು ಭೇದ ಮರೆಯಾಯಿತು: ಅದಿರನ್ನು ತುಂಬಿದ್ದು ಯಂತ್ರ, ಭತ್ತದ ಚೀಲವನ್ನು ಎತ್ತಿದ್ದು ಮನುಷ್ಯ.

ರಸ್ತೆ, ವಾಹನಗಳ ಚರಿತ್ರೆಯನ್ನು ಕಡತಗಳಿಂದ ಬರೆಯಬಹುದು. ದುಡಿಮೆಯ ಚರಿತ್ರೆಗೆ ಕಡತದ ಜೊತೆಗೆ ಮಾತೂ ಬೇಕು. ಬೆಡ್‌ಫರ್ಡ್ ನಡೆಸಿದವರು, ಅದಕ್ಕೆ ಹೇರಿದವರು ಇಂದು ತೀರ ವೃದ್ಧರು. ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಾಲೇಜು ವಿದ್ಯಾರ್ಥಿಗಳು ತಮ್ಮ ಊರಿನ ಇಂಥ ಹಿರಿಯರ ಬಳಿ ಕುಳಿತು, ಅವರ ಮಾತನ್ನು ಬರೆದುಕೊಂಡು, ಬಿಲ್ಟಿ ಮತ್ತು ಮಾರುಕಟ್ಟೆಯ ಪುಸ್ತಕಗಳೊಡನೆ ತಾಳೆ ನೋಡುವುದು ಅಸಾಧ್ಯವಾದ ಕೆಲಸವಲ್ಲ. ತಡಮಾಡಿದರೆ ಮಾತ್ರ ಅದು ಅಸಾಧ್ಯವಾದೀತು.